ಅಡಿಗೆ ಅನಿಲದ ಕೊಳವೆ ಮತ್ತು ಮನೆಯ ಅರ್ಥಿಂಗ್



ಇಂದಿನ ಮಾತು ನಮ್ಮ ಅಡಿಗೆಮನೆಯ ಗೋಡೆಗೆ ಸಂಬಂಧಿಸಿದ್ದು. ಆ ಗೋಡೆಯ ಒಂದು ಕಡೆ ಮಿಕ್ಸಿ, ಗ್ರೈಂಡರುಗಳ ಪ್ಲಗ್ಗು, ನೀರೆತ್ತುವ ಮೋಟರಿನ ಸ್ವಿಚ್ಚು ಇರುತ್ತವೆ. ಇನ್ನೊಂದು ಕಡೆ ಒಲೆಗೆ ಅನಿಲ ತರುವ ಕೊಳವೆ ಇರುತ್ತದೆ. ಒಂದರಲ್ಲಿ ಕರೆಂಟು ಹರಿಯುತ್ತದೆ, ಇನ್ನೊಂದರಲ್ಲಿ ಬೆಂಕಿಯಾಗಬಲ್ಲ ಗಾಳಿ ಹರಿಯುತ್ತದೆ. ಎರಡೂ ಕಣ್ಣಿಗೆ ಕಾಣುವುದಿಲ್ಲ. ಈ ಎರಡು ನೆರೆಹೊರೆಯವರ ನಡುವೆ ಯಾವ ಸಂಬಂಧ ಇರಬೇಕು, ಯಾವುದು ಇರಬಾರದು ಎಂಬುದೇ ನಮ್ಮ ವಿಷಯ.

ಸಾರಾಂಶವನ್ನು ಮೊದಲೇ ಹೇಳಿಬಿಡುತ್ತೇನೆ. ಅನಿಲ ತರುವ ಲೋಹದ ಕೊಳವೆಯನ್ನು ಮನೆಯ ಅರ್ಥಿಂಗಿಗೆ ಒಂದು ತಂತಿಯಿಂದ ಜೋಡಿಸಬೇಕು. ಆದರೆ ಆ ಕೊಳವೆಯನ್ನೇ ಮನೆಯ ಅರ್ಥಿಂಗ್ ಎಂದು ಬಳಸಬಾರದು. ಕೇಳುವಾಗ ಎರಡೂ ಒಂದೇ ಮಾತಿನಂತೆ ತೋರಬಹುದು. ಹಾಗಲ್ಲ. ಮೊದಲನೆಯದು ಜೀವ ಕಾಯುವ ಕೆಲಸ, ಎರಡನೆಯದು ಜೀವ ತೆಗೆಯಬಲ್ಲ ಕೆಲಸ.

ಈ ಮಾತು ಹೊಸೂರು, ಕೃಷ್ಣಗಿರಿ ಕಡೆಯ ನಮಗೆ ಏಕೆ ಬೇಕು ಎಂದು ನೀವು ಕೇಳಬಹುದು. ತಳಿ, ಬಾಗಲೂರು, ಬೇರಿಕೆ, ಕೆಲಮಂಗಲ, ದೇಂಕಣಿಕೋಟೆ ಸುತ್ತಿನ ಹಳ್ಳಿಗಳಲ್ಲಿ ಸೌದೆ ಒಲೆಯ ಪಕ್ಕಕ್ಕೆ ಅನಿಲದ ಒಲೆ ಬಂದು ಬಹಳ ಕಾಲವಾಯಿತು. 2006ರ ನಂತರ ರಾಜ್ಯ ಸರ್ಕಾರ ಕೊಟ್ಟ ಉಚಿತ ಒಲೆಗಳು, 2016ರಲ್ಲಿ ಆರಂಭವಾದ ಕೇಂದ್ರದ ಉಜ್ವಲಾ ಯೋಜನೆ, ಇವುಗಳಿಂದ ಸಿಲಿಂಡರು ಬಡವರ ಮನೆಗೂ ಬಂತು. ದನಕರು ಇರುವ ಮನೆಗಳಲ್ಲಿ ಗೋಬರ್ ಗ್ಯಾಸಿನ ಗುಂಡಿಯಿಂದ ಅಂಗಳ ದಾಟಿ ಅಡಿಗೆಮನೆಗೆ ಪೈಪು ಬಂದಿರುವುದೂ ಉಂಟು. ಇನ್ನು ಹೋಟೆಲು, ಕಲ್ಯಾಣ ಮಂಟಪಗಳಲ್ಲಿ ಹತ್ತಾರು ಸಿಲಿಂಡರುಗಳನ್ನು ಹೊರಗಿನ ಕೋಣೆಯಲ್ಲಿ ಸಾಲಾಗಿ ಇಟ್ಟು, ಕಬ್ಬಿಣದ ಕೊಳವೆಯಲ್ಲಿ ಒಲೆಗಳಿಗೆ ಅನಿಲ ಹಾಯಿಸುತ್ತಾರೆ.

ಕೊಳವೆಯಲ್ಲೇ ಅನಿಲ ಮನೆಗೆ ಬರುವ ಕಾಲವೂ ದೂರದ್ದಲ್ಲ. ಗಡಿಯಾಚೆ ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿ ಅದು ಈಗಾಗಲೇ ಬಂದಿದೆ. ಅಲ್ಲಿ ಕೆಲಸಕ್ಕಿರುವ ನಮ್ಮ ಮಕ್ಕಳ ಮನೆಗೆ ಹೋದಾಗ ನೀವು ನೋಡಿರಬಹುದು. ಕೊಚ್ಚಿಯಿಂದ ಬೆಂಗಳೂರಿಗೆ ಗೇಲ್ ಸಂಸ್ಥೆ ಯೋಜಿಸಿದ ದೊಡ್ಡ ಕೊಳವೆ ಮಾರ್ಗದ ನಕ್ಷೆಯಲ್ಲಿ ಕೊಯಮತ್ತೂರಿನಿಂದ ಕೃಷ್ಣಗಿರಿಯವರೆಗೆ ತಮಿಳುನಾಡಿನ ಏಳು ಜಿಲ್ಲೆಗಳಿದ್ದವು. ಹೊಲಗಳ ನಡುವೆ ಅದು ಹಾಯಬಾರದೆಂದು ರೈತರು ಹೋರಾಡಿದ್ದು, 2013ರಲ್ಲಿ ರಾಜ್ಯ ಸರ್ಕಾರ ಹೆದ್ದಾರಿಯ ಬದಿಗೆ ಹಾಕಿಕೊಳ್ಳಿ ಎಂದದ್ದು, 2016ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಸಂಸ್ಥೆಯ ಪರವಾಗಿ ತೀರ್ಪು ಕೊಟ್ಟದ್ದು ನಿಮಗೆ ನೆನಪಿರಬಹುದು. ಭೂಮಿಯ ಪ್ರಶ್ನೆ ಬೇರೆ, ಅದು ಇಂದಿನ ವಿಷಯವಲ್ಲ. ಕೊಳವೆ ಮನೆಯೊಳಗೆ ಬಂದ ದಿನ ನಾವು ತಿಳಿದಿರಬೇಕಾದ್ದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಮೊದಲು ಜೋಡಣೆ ಎಂದರೇನು ನೋಡೋಣ. ಇದಕ್ಕೆ ಇಂಜಿನಿಯರುಗಳು ಬಾಂಡಿಂಗ್ ಎನ್ನುತ್ತಾರೆ. ಕರೆಂಟು ತಂತಿಯ ಮೇಲೆ ಕಾಗೆ ಕೂರುತ್ತದೆ, ಅದಕ್ಕೇನೂ ಆಗುವುದಿಲ್ಲ. ಅದೇ ಬಾವಲಿ ರೆಕ್ಕೆ ಬಿಚ್ಚಿ ಎರಡು ತಂತಿಗಳನ್ನು ಒಟ್ಟಿಗೆ ಮುಟ್ಟಿದರೆ ಸತ್ತು ಅಲ್ಲೇ ತೂಗಾಡುತ್ತದೆ. ಕಾಗೆಯ ಎರಡು ಕಾಲೂ ಒಂದೇ ಮಟ್ಟದ ವಿದ್ಯುತ್ತಿನ ಮೇಲಿದ್ದವು. ಬಾವಲಿಯ ಎರಡು ರೆಕ್ಕೆಗಳು ಬೇರೆ ಬೇರೆ ಮಟ್ಟದಲ್ಲಿದ್ದವು. ನೀರು ಎತ್ತರದಿಂದ ತಗ್ಗಿಗೆ ಹರಿಯುವ ಹಾಗೆ ಕರೆಂಟೂ ಮಟ್ಟದ ವ್ಯತ್ಯಾಸ ಇದ್ದಲ್ಲಿ ಮಾತ್ರ ಹರಿಯುತ್ತದೆ.

ಈಗ ನಿಮ್ಮ ಅಡಿಗೆಮನೆಗೆ ಬನ್ನಿ. ಗ್ರೈಂಡರಿನ ಒಳಗೆ ತಂತಿಯ ಹೊದಿಕೆ ಸವೆದು ಅದರ ತಗಡಿಗೆ ಕರೆಂಟು ಬಂದಿದೆ ಎನ್ನಿ. ಮನೆಯ ಹೆಣ್ಣುಮಗಳು ಒಂದು ಕೈ ಗ್ರೈಂಡರಿನ ಮೇಲೆ ಇಟ್ಟು, ಇನ್ನೊಂದು ಕೈಯಿಂದ ಅನಿಲದ ಕೊಳವೆಯ ತಿರುಗಣೆ ಮುಚ್ಚಲು ಹೋಗುತ್ತಾಳೆ. ಆ ಕೊಳವೆ ಎಲ್ಲೋ ನೆಲ ಮುಟ್ಟಿಕೊಂಡಿದೆ. ಆಗ ಆಕೆಯ ಎರಡು ಕೈಗಳ ನಡುವೆ, ಎದೆಯ ಮೂಲಕ ಕರೆಂಟು ಹಾಯುತ್ತದೆ. ಒಂದು ಆಂಪಿಯರಿನ ಸಾವಿರ ಪಾಲಿನಲ್ಲಿ ಕೆಲವೇ ಹತ್ತು ಪಾಲು ಹಾಯ್ದರೂ ಗುಂಡಿಗೆಯ ಬಡಿತ ಕೆಡಬಹುದು.

ಗ್ರೈಂಡರಿನ ತಗಡು, ಕೊಳವೆ, ನೀರಿನ ಕಬ್ಬಿಣದ ಪೈಪು, ಇವೆಲ್ಲವನ್ನೂ ಒಳ್ಳೆಯ ತಾಮ್ರದ ತಂತಿಯಿಂದ ಒಂದೇ ಕಡೆ ಕಟ್ಟಿದ್ದರೆ ಅವುಗಳ ನಡುವೆ ಮಟ್ಟದ ವ್ಯತ್ಯಾಸ ಬಹಳ ಕಡಿಮೆಯಾಗುತ್ತದೆ. ಆಕೆ ಬಾವಲಿಯ ಸ್ಥಿತಿಯಿಂದ ಕಾಗೆಯ ಸ್ಥಿತಿಗೆ ಹತ್ತಿರವಾಗುತ್ತಾಳೆ. ಇಷ್ಟೇ ಬಾಂಡಿಂಗಿನ ಮರ್ಮ.

ಇದಕ್ಕೆ ಇನ್ನೊಂದು ಪ್ರಯೋಜನವೂ ಉಂಟು. ಮಟ್ಟದ ವ್ಯತ್ಯಾಸ ಇರುವ ಎರಡು ಲೋಹಗಳು ಹತ್ತಿರ ಬಂದರೆ ಕಿಡಿ ಹಾರುತ್ತದೆ. ಅನಿಲ ಸೋರಿರುವ ಕಡೆ ಕಣ್ಣಿಗೆ ಕಾಣದಷ್ಟು ಸಣ್ಣ ಕಿಡಿಯೂ ಸಾಕು. ಹೆದ್ದಾರಿಯ ಪೆಟ್ರೋಲ್ ಬಂಕಿಗೆ ಟ್ಯಾಂಕರು ಬಂದಾಗ ಗಮನಿಸಿ. ಎಣ್ಣೆ ಇಳಿಸುವ ಮೊದಲು ಕೆಲಸದವನು ಒಂದು ತಂತಿಯ ಕ್ಲಿಪ್ಪನ್ನು ಲಾರಿಗೆ ಕಚ್ಚಿಸುತ್ತಾನೆ. ಲಾರಿಗೂ ಬಂಕಿನ ತೊಟ್ಟಿಗೂ ನಡುವೆ ಕಿಡಿ ಹಾರದಿರಲಿ ಎಂದೇ ಆ ಕ್ಲಿಪ್ಪು. ಅದೂ ಬಾಂಡಿಂಗೇ.

ಇನ್ನು ಎರಡನೆಯ ಮಾತು: ಕೊಳವೆಯನ್ನೇ ಅರ್ಥಿಂಗ್ ಮಾಡಬಾರದು. ಮನೆಯಲ್ಲಿ ಅರ್ಥ್ ಗುಂಡಿ ಇಲ್ಲ, ಅಥವಾ ಇದ್ದದ್ದು ಹಾಳಾಗಿದೆ. ಹೊಸದು ತೋಡಲು ಖರ್ಚು. ಹತ್ತಿರದಲ್ಲೇ ನೆಲದಿಂದ ಎದ್ದು ಬಂದ ಕಬ್ಬಿಣದ ಪೈಪು ಕಾಣುತ್ತದೆ. ಅದಕ್ಕೇ ಹಸಿರು ತಂತಿ ಸುತ್ತಿಬಿಟ್ಟರೆ ಆಯಿತು ಎಂದು ತೋರುವುದು ಸಹಜ. ನೀರಿನ ಪೈಪಿಗೆ ಹಾಗೆ ಮಾಡಿದವರು ಬಹಳ ಮಂದಿ. ಅನಿಲದ ಪೈಪಿಗೆ ಮಾತ್ರ ಹಾಗೆ ಮಾಡಲೇಬಾರದು. ಅರ್ಥಿಂಗಿಗಾಗಿ ನಮ್ಮ ದೇಶದಲ್ಲಿ ಐ.ಎಸ್. 3043 ಎಂಬ ಮಾನಕ ಇದೆ. 1966ರಲ್ಲಿ ಮೊದಲು ಬಂದು, 1987ರಲ್ಲೂ 2018ರಲ್ಲೂ ಪರಿಷ್ಕಾರವಾಯಿತು. ಉರಿಯುವ ಅನಿಲ ಅಥವಾ ದ್ರವ ಸಾಗಿಸುವ ಕೊಳವೆಯನ್ನು ಅರ್ಥ್ ಆಗಿ ಬಳಸುವುದನ್ನು ಅದು ನಿಷೇಧಿಸಿದೆ. ಅಮೆರಿಕ, ಬ್ರಿಟನ್ ದೇಶಗಳ ನಿಯಮಗಳೂ ಇದನ್ನೇ ಹೇಳುತ್ತವೆ.

ಕಾರಣಗಳು ಮೂರು. ಮೊದಲನೆಯದು, ಕೊಳವೆ ಉದ್ದಕ್ಕೂ ಒಂದೇ ಲೋಹವಲ್ಲ. ನಗರಗಳಲ್ಲಿ ಬೀದಿಯ ಕೆಳಗೆ ಹಾಯುವುದು ಹಳದಿ ಪ್ಲಾಸ್ಟಿಕ್ ಕೊಳವೆ. ಮನೆಯ ಗೋಡೆಯ ಹತ್ತಿರ ಬಂದ ಮೇಲೆ ಅದು ಕಬ್ಬಿಣಕ್ಕೆ ತಿರುಗುತ್ತದೆ. ಒಲೆಯ ಬಳಿ ಮತ್ತೆ ರಬ್ಬರ್ ಟ್ಯೂಬು. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯದು. ಹೊರಗಿನಿಂದ ನೋಡಿದರೆ ನೆಲಕ್ಕೆ ಇಳಿದ ಪೈಪು, ಒಳಗೆ ನೆಲದ ಸಂಪರ್ಕವೇ ಇಲ್ಲ. ಹೆಸರಿಗೆ ಅರ್ಥ್, ಒಳಗೆ ಅರ್ಥವಿಲ್ಲ. ಎರಡನೆಯದು, ದೋಷದ ಕರೆಂಟು ಕೊಳವೆಯ ಮರೆಗಳ ಮೂಲಕ, ಸಡಿಲವಾದ ಸಂದುಗಳ ಮೂಲಕ ಹಾಯುವಾಗ ಅಲ್ಲಿ ಬಿಸಿಯಾಗಬಹುದು, ಕಿಡಿ ಬರಬಹುದು. ಅನಿಲ ಸೋರುವುದೂ ಸಾಮಾನ್ಯವಾಗಿ ಅದೇ ಸಂದುಗಳಲ್ಲಿ. ಮೂರನೆಯದು, ಅನಿಲದ ಕೆಲಸದವನು ರಿಪೇರಿಗೆ ಬಂದು ಕೊಳವೆ ಬಿಚ್ಚಿದ ಕ್ಷಣ ನಿಮ್ಮ ಮನೆಯ ಅರ್ಥಿಂಗ್ ಕಡಿದುಹೋಗುತ್ತದೆ. ಆ ಹೊತ್ತಿನಲ್ಲಿ ಕರೆಂಟು ಹರಿಯುತ್ತಿದ್ದರೆ ಅವನ ಕೈಯಲ್ಲೇ ಕಿಡಿ ಹಾರುತ್ತದೆ. ನಮ್ಮ ಉಳಿತಾಯಕ್ಕೆ ಇನ್ನೊಬ್ಬರ ಮಗ ಬಲಿಯಾಗಬಾರದು.

ಕೇಳುಗರೇ, ಈಗ ನಮ್ಮ ನೆಲದ ವಿಚಾರಕ್ಕೆ ಬರೋಣ. ಕೃಷ್ಣಗಿರಿ ಸೀಮೆ ಕಲ್ಲಿನ ಸೀಮೆ. ಇಲ್ಲಿಯ ಗ್ರಾನೈಟು ಹೊರದೇಶಗಳಿಗೂ ಹೋಗುತ್ತದೆ. ಮೇಲೆ ಒಂದಷ್ಟು ಕೆಂಪು ಮಣ್ಣು, ಕೆಳಗೆ ಬಂಡೆ. ಬಂಡೆಯಲ್ಲೂ ಒಣಗಿದ ಮಣ್ಣಿನಲ್ಲೂ ಕರೆಂಟು ಸುಲಭವಾಗಿ ಇಳಿಯುವುದಿಲ್ಲ. ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ಥಿಂಗು ಮಾರ್ಚ್, ಏಪ್ರಿಲ್ ಬಿಸಿಲಿಗೆ ಕೈಕೊಡುತ್ತದೆ. ನೆಲದೊಳಗೆ ಕರೆಂಟು ಇಳಿಯಲು ಇರುವ ತಡೆಯನ್ನು ಓಮ್ ಎಂಬ ಅಳತೆಯಲ್ಲಿ ಹೇಳುತ್ತಾರೆ.

ಒಂದು ಸಣ್ಣ ಲೆಕ್ಕ ಮಾಡೋಣ. ಮನೆಗೆ ಬರುವ ಕರೆಂಟು 230 ವೋಲ್ಟು. ಬೇಸಗೆಯಲ್ಲಿ ನಿಮ್ಮ ಅರ್ಥ್ ಗುಂಡಿಯ ತಡೆ 50 ಓಮ್ ಆಗಿದೆ ಎಂದುಕೊಳ್ಳಿ. 230ನ್ನು 50ರಿಂದ ಭಾಗಿಸಿದರೆ 4.6. ಅಂದರೆ ಗ್ರೈಂಡರಿನ ತಗಡಿಗೆ ಪೂರ್ತಿ ಕರೆಂಟು ಬಂದರೂ ಅರ್ಥ್ ತಂತಿಯಲ್ಲಿ ನೆಲಕ್ಕೆ ಇಳಿಯುವುದು ಹೆಚ್ಚೆಂದರೆ 4.6 ಆಂಪಿಯರು. ನಿಮ್ಮ ಬೋರ್ಡಿನಲ್ಲಿರುವ ಫ್ಯೂಸು ಅಥವಾ ಎಂ.ಸಿ.ಬಿ. 16 ಆಂಪಿಯರಿನದು. ಅದು ಬೀಳುವುದೇ ಇಲ್ಲ. ತಗಡು ಹಾಗೆಯೇ ಕರೆಂಟು ಹೊತ್ತು ನಿಂತಿರುತ್ತದೆ. ಗುಂಡಿ ಒಳ್ಳೆಯದಿದ್ದು ತಡೆ 5 ಓಮ್‌ಗೆ ಇಳಿದರೂ ಹರಿಯುವುದು 46 ಆಂಪಿಯರು. ಆಗ ಎಂ.ಸಿ.ಬಿ. ಬೀಳುತ್ತದೆ, ಆದರೆ ತಕ್ಷಣ ಬೀಳುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಇಂಥ ಕೆಟ್ಟ ಅರ್ಥಿಂಗಿಗೆ ಅನಿಲದ ಕೊಳವೆಯನ್ನೂ ಕಟ್ಟಿದಿರಿ ಎನ್ನಿ. ಆಗ ಗ್ರೈಂಡರಿಗೆ ಬಂದ ಕರೆಂಟು ಅದೇ ತಂತಿಯಲ್ಲಿ ಕೊಳವೆಗೂ ಬರುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಕೊಳವೆ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. ಅಂದರೆ ಅರೆಬರೆ ಮಾಡಿದ ಜೋಡಣೆ ಅಪಾಯವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತದೆ. ಆದ್ದರಿಂದ ಈ ಕೆಲಸಕ್ಕೆ ಒಂದು ಕ್ರಮ ಇದೆ. ಕ್ರಮ ತಪ್ಪಿಸಬೇಡಿ.

ಮೊದಲು ಅರ್ಥ್ ಗುಂಡಿ. ಸತುವು ಲೇಪಿಸಿದ ಕಬ್ಬಿಣದ ಪೈಪು ಬಳಸುವುದಾದರೆ ಅದರ ಒಳ ಅಗಲ 38 ಮಿಲಿಮೀಟರಿಗೆ ಕಡಿಮೆ ಇರಬಾರದು, ಉದ್ದ ಎರಡೂವರೆ ಮೀಟರಿಗೆ ಕಡಿಮೆ ಇರಬಾರದು ಎನ್ನುತ್ತದೆ ಮಾನಕ. ನಮ್ಮಲ್ಲಿ ಎರಡೂವರೆ ಮೀಟರಿಗೆ ಮೊದಲೇ ಬಂಡೆ ಸಿಗುವುದುಂಟು. ಪೈಪನ್ನು ಕತ್ತರಿಸಿ ಗಿಡ್ಡ ಮಾಡಿ ಹೂಳುವ ಆಸೆ ಆಗ ಬರುತ್ತದೆ. ಹಾಗೆ ಮಾಡಬೇಡಿ. ನೇರ ನಿಲುವಿನಿಂದ 30 ಡಿಗ್ರಿಯವರೆಗೆ ಓರೆಯಾಗಿ ಹೂಳಲು ಮಾನಕವೇ ಅವಕಾಶ ಕೊಟ್ಟಿದೆ. ಒಂದು ಗುಂಡಿಯಿಂದ ತಡೆ ಇಳಿಯದಿದ್ದರೆ ದೂರದಲ್ಲಿ ಇನ್ನೊಂದು ತೋಡಿ ಎರಡನ್ನೂ ಜೋಡಿಸಬಹುದು. ಗುಂಡಿಯನ್ನು ಬಚ್ಚಲ ನೀರು ಇಳಿಯುವ ಕಡೆ, ತೆಂಗಿನ ಪಾತಿಯಂತೆ ತೇವ ಉಳಿಯುವ ಜಾಗದಲ್ಲಿ ಮಾಡಿಸುವುದು ಜಾಣತನ. ಬೇಸಗೆಯಲ್ಲಿ ಅದಕ್ಕೆ ನೀರು ಹಾಕುವುದನ್ನು ಮರೆಯಬೇಡಿ. ಗುಂಡಿ ಮಾಡಿದ ಮೇಲೆ ವೈರ್‌ಮನ್‌ನಿಂದ ಅಳತೆ ಮಾಡಿಸಿ, ಎಷ್ಟು ಓಮ್ ಎಂದು ಕೇಳಿ, ಬೋರ್ಡಿನ ಬಾಗಿಲ ಒಳಗೆ ದಿನಾಂಕದೊಡನೆ ಬರೆದಿಡಿ.

ಎರಡನೆಯದು ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚು. ಹೋದ ಕರೆಂಟೂ ತಿರುಗಿ ಬಂದ ಕರೆಂಟೂ ಸಮನಾಗಿದೆಯೇ ಎಂದು ಇದು ಸದಾ ಲೆಕ್ಕ ಇಡುತ್ತದೆ. ವ್ಯತ್ಯಾಸ ಬಂತೆಂದರೆ ಎಲ್ಲೋ ಸೋರುತ್ತಿದೆ ಎಂದು ತಿಳಿದು ಕ್ಷಣದಲ್ಲಿ ಇಡೀ ಮನೆಯ ಕರೆಂಟು ಕಡಿಯುತ್ತದೆ. ಮನೆಗೆ ಬೇಕಾದದ್ದು 30 ಮಿಲಿ ಆಂಪಿಯರಿನದು. ನಮ್ಮ ಲೆಕ್ಕದಲ್ಲಿ ನೆಲಕ್ಕೆ ಇಳಿದದ್ದು 4.6 ಆಂಪಿಯರು, ಅಂದರೆ ಅದರ ನೂರೈವತ್ತು ಪಟ್ಟು. ಎಂ.ಸಿ.ಬಿ.ಗೆ ಕಾಣದೆ ಹೋದ ದೋಷ ಇದಕ್ಕೆ ಕೂಡಲೇ ಕಾಣುತ್ತದೆ. ಕಲ್ಲು ನೆಲದ ನಮ್ಮಂಥವರಿಗೆ ಇದು ಶ್ರೀಮಂತರ ಅಲಂಕಾರವಲ್ಲ, ಅಗತ್ಯ. ಅದರ ಮೇಲೆ ಟಿ ಎಂಬ ಅಕ್ಷರದ ಸಣ್ಣ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡಿ. ಸ್ವಿಚ್ಚು ಬಿದ್ದರೆ ಸರಿಯಾಗಿದೆ. ಬೀಳದಿದ್ದರೆ ಬದಲಾಯಿಸಿ. ಸ್ವಿಚ್ಚು ಪದೇ ಪದೇ ಬೀಳುತ್ತದೆ ಎಂದು ಬೇಸತ್ತು ಅದನ್ನು ತಪ್ಪಿಸಿ ತಂತಿ ಎಳೆಸುವುದು, ಬೊಗಳುವ ನಾಯಿಯನ್ನು ಓಡಿಸಿ ಕಳ್ಳನಿಗೆ ದಾರಿ ಮಾಡಿಕೊಟ್ಟಂತೆ.

ಮೂರನೆಯದು ಕೊಳವೆಯ ಜೋಡಣೆ. ಹಸಿರು ಹಳದಿ ಪಟ್ಟೆಯ ಹೊದಿಕೆ ಇರುವ ತಾಮ್ರದ ತಂತಿ ಬೇಕು. ಅದರ ದಪ್ಪ 6 ಚದರ ಮಿಲಿಮೀಟರಿಗೆ ಕಡಿಮೆ ಇರಬಾರದು. ಬ್ರಿಟನ್ನಿನಲ್ಲಿ ಸಾಮಾನ್ಯ ಮನೆಗಳಿಗೆ 10 ಚದರ ಮಿಲಿಮೀಟರಿನ ತಂತಿ ಹಾಕುತ್ತಾರೆ. ಇದರ ಒಂದು ತುದಿ ಮೇನ್ ಬೋರ್ಡಿನ ಅರ್ಥ್ ಪಟ್ಟಿಗೆ, ಇನ್ನೊಂದು ತುದಿ ಮನೆಯೊಳಗಿನ ಗಟ್ಟಿ ಲೋಹದ ಕೊಳವೆಗೆ. ಎಲ್ಲಿ ಹಾಕಬೇಕು? ಕೊಳವೆ ಮನೆ ಹೊಕ್ಕ ಜಾಗದ ಹತ್ತಿರ, ಅನಿಲದ ಮೀಟರ್ ಇದ್ದರೆ ಮೀಟರ್ ದಾಟಿದ ಮೇಲೆ, ಕವಲು ಒಡೆಯುವ ಮೊದಲು. ಬ್ರಿಟನ್ನಿನ ನಿಯಮದಲ್ಲಿ ಮೀಟರಿನಿಂದ 60 ಸೆಂಟಿಮೀಟರಿನ ಒಳಗೆ ಎಂದಿದೆ. ಬಣ್ಣ ಕೆರೆದು, ಲೋಹ ಹೊಳೆಯುವಂತೆ ಉಜ್ಜಿ, ಅದಕ್ಕೆಂದೇ ಇರುವ ಹಿಡಿಕೆಯನ್ನು ಬಿಗಿಯಬೇಕು. ತಂತಿ ಸುತ್ತಿ ಬಿಡುವುದು ಜೋಡಣೆಯಲ್ಲ. ರೆಗ್ಯುಲೇಟರಿಗೆ, ಮೀಟರಿಗೆ, ಬಾಗುವ ಟ್ಯೂಬಿಗೆ ಎಂದೂ ಕಟ್ಟಬಾರದು. ಅನಿಲ ಸಂಸ್ಥೆಯವರ ಭಾಗವನ್ನು ಅವರಿಗೆ ಹೇಳದೆ ಮುಟ್ಟಬಾರದು. ಅವರ ದೊಡ್ಡ ಉಕ್ಕಿನ ಕೊಳವೆಗಳು ತುಕ್ಕು ಹಿಡಿಯದಂತೆ ಅವಕ್ಕೆ ಬೇರೆಯೇ ಒಂದು ಸಣ್ಣ ವಿದ್ಯುತ್ ಏರ್ಪಾಡು ಇರುತ್ತದೆ. ನಮ್ಮ ತಂತಿ ಅದನ್ನು ಕೆಡಿಸಬಾರದು. ಹಿಡಿಕೆಯ ಹತ್ತಿರ ‘ಸುರಕ್ಷತಾ ಜೋಡಣೆ, ಬಿಚ್ಚಬೇಡಿ’ ಎಂದು ಕನ್ನಡದಲ್ಲೂ ತಮಿಳಿನಲ್ಲೂ ಬರೆದ ಚೀಟಿ ತೂಗಿಸಿ. ನಮ್ಮ ಊರುಗಳಿಗೆ ಕೆಲಸಕ್ಕೆ ಬರುವವರು ಎರಡು ಭಾಷೆಯವರೂ ಇರುತ್ತಾರೆ.

ಈ ಮೂರೂ ಕೆಲಸ ಪರವಾನಗಿ ಇರುವ ವೈರ್‌ಮನ್ ಮಾಡಬೇಕಾದವು. ಕೇಳುವುದು, ನಿಂತು ನೋಡುವುದು, ಬರೆದಿಡುವುದು ನಮ್ಮ ಕೆಲಸ.

ನಮ್ಮದು ಬರೀ ಒಂದು ಸಿಲಿಂಡರು, ಒಂದು ರಬ್ಬರ್ ಟ್ಯೂಬು, ಒಂದು ಒಲೆ, ನಾವೇನು ಮಾಡಬೇಕು ಎಂದು ಹಲವರು ಕೇಳಬಹುದು. ಜೋಡಿಸಲು ನಿಮ್ಮಲ್ಲಿ ಕೊಳವೆಯೇ ಇಲ್ಲ. ಸಿಲಿಂಡರಿಗೆ ತಂತಿ ಕಟ್ಟುವ ಅಗತ್ಯ ಇಲ್ಲ, ಕಟ್ಟಲೂ ಬಾರದು. ನೀವು ನೋಡಬೇಕಾದ್ದು ಬೇರೆ. ಮಿಕ್ಸಿಯ ವೈರು ಟ್ಯೂಬಿನ ಮೇಲೆ ಹಾಯಬಾರದು, ಒಲೆಗೆ ತಾಗಬಾರದು. ಐ.ಎಸ್.ಐ. ಗುರುತಿನ ಸುರಕ್ಷಾ ಟ್ಯೂಬನ್ನೇ ಬಳಸಿ, ಐದು ವರ್ಷಕ್ಕೊಮ್ಮೆ ಬದಲಾಯಿಸಿ. ಗ್ರೈಂಡರಿಗೆ ಮೂರು ಕಡ್ಡಿಯ ಪ್ಲಗ್ಗೇ ಇರಲಿ. ಮೇಲಿನ ದಪ್ಪ ಕಡ್ಡಿ ಅರ್ಥಿನದು. ಎರಡು ತೂತಿನ ಸಾಕೆಟ್ಟಿಗೆ ಹಿಡಿಸಲೆಂದು ಅದನ್ನು ಮುರಿಯುವುದು ತನ್ನ ಕಾವಲನ್ನು ತಾನೇ ಮುರಿದಂತೆ.

ಸಿಲಿಂಡರನ್ನು ಹೊರಗಿಟ್ಟು ತಾಮ್ರದ ಅಥವಾ ಕಬ್ಬಿಣದ ಪೈಪಿನಲ್ಲಿ ಒಳಗೆ ತಂದಿದ್ದರೆ, ಗೋಬರ್ ಗ್ಯಾಸಿಗೆ ಕಬ್ಬಿಣದ ಪೈಪು ಇದ್ದರೆ, ನಾನು ಹೇಳಿದ ಮೂರು ಹೆಜ್ಜೆಗಳೂ ನಿಮಗೆ ಅನ್ವಯಿಸುತ್ತವೆ. ಹೋಟೆಲು, ಮಂಟಪದವರಿಗಂತೂ ಖಂಡಿತ. ಇನ್ನೊಂದು ವಿಷಯ. ಅನಿಲದ ಪೈಪಿಗೆ ಬಟ್ಟೆ ಒಣಹಾಕುವ ತಂತಿ ಕಟ್ಟಬೇಡಿ. ಆ ತಂತಿಯ ಇನ್ನೊಂದು ತುದಿ ಕಿಟಕಿಯ ಸರಳಿಗೆ, ಅದರ ಪಕ್ಕದಲ್ಲೇ ಕಂಬದಿಂದ ಬಂದ ಕರೆಂಟು ವೈರು, ಹೀಗೆ ಒಂದಕ್ಕೊಂದು ಸೇರಿ ಅಪಾಯ ಅಂಗಳದಿಂದ ಅಡಿಗೆಮನೆಗೆ ನಡೆದು ಬರುತ್ತದೆ.

ಸಿಡಿಲಿನ ಬಗ್ಗೆ ಎರಡು ಮಾತು. ಮಾವು ಬಲಿಯುವ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ನಮಗೆಲ್ಲ ಗೊತ್ತು. ಅಮೆರಿಕದಲ್ಲಿ ಮನೆಗಳೊಳಗೆ ಹಳದಿ ಹೊದಿಕೆಯ ತೆಳ್ಳನೆಯ ಬಾಗುವ ಉಕ್ಕಿನ ಕೊಳವೆ ಬಹಳ ಬಳಕೆಗೆ ಬಂತು. ಸಿಡಿಲು ಹತ್ತಿರ ಬಡಿದಾಗ ಅದರ ತೆಳು ಗೋಡೆಗೂ ಪಕ್ಕದ ಲೋಹಕ್ಕೂ ನಡುವೆ ಕಿಡಿ ಹಾರಿ ಸೂಜಿ ಚುಚ್ಚಿದಂಥ ತೂತಾಗಿ, ಸೋರಿದ ಅನಿಲ ಹೊತ್ತಿಕೊಂಡ ಪ್ರಸಂಗಗಳು ನಡೆದವು. 2012ರ ಆಗಸ್ಟಿನಲ್ಲಿ ಟೆಕ್ಸಾಸಿನ ಲಬ್ಬಾಕ್ ನಗರದಲ್ಲಿ ಇಂಥ ಬೆಂಕಿಗೆ ಒಬ್ಬ ಯುವಕ ಬಲಿಯಾದ. ಅಂಥ ಕೊಳವೆಯನ್ನು ಮನೆಯ ಅರ್ಥಿಂಗಿಗೆ ನೇರವಾಗಿ ಜೋಡಿಸಬೇಕೆಂಬ ನಿಯಮ ಅಲ್ಲಿಯ ಅನಿಲ ಸಂಹಿತೆಯ 2009ರ ಆವೃತ್ತಿಯಲ್ಲೇ ಸೇರಿತ್ತು. ಹಾಗೆಂದು ಜೋಡಣೆ ಇದ್ದರೆ ಸಿಡಿಲಿನ ಭಯವೇ ಇಲ್ಲ ಎಂದಲ್ಲ. ಕಿಡಿ ಹಾರುವ ಸಂಭವ ಕಡಿಮೆಯಾಗುತ್ತದೆ, ಅಷ್ಟೇ. ಗುಡುಗುವಾಗ ಲೋಹದ ಕೊಳವೆ, ನಲ್ಲಿ, ತಂತಿಗಳಿಂದ ದೂರ ಇರುವುದೇ ಒಳ್ಳೆಯದು.

ಕೊನೆಯದಾಗಿ, ಅನಿಲದ ವಾಸನೆ ಬಂದಾಗ ಈ ವಿದ್ಯುತ್ ವಿಚಾರವನ್ನು ನೆನೆಯಿರಿ. ಲೈಟು ಹಾಕಬೇಡಿ, ಉರಿಯುವ ಲೈಟನ್ನು ಆರಿಸಲೂ ಬೇಡಿ. ಸ್ವಿಚ್ಚಿನೊಳಗೆ ಎರಡು ಸಲವೂ ಕಿಡಿ ಹುಟ್ಟುತ್ತದೆ. ಫ್ಯಾನು ಹಾಕಿ ಅನಿಲ ಓಡಿಸುವ ಯೋಚನೆ ಬೇಡ. ರೆಗ್ಯುಲೇಟರ್ ಅಥವಾ ತಿರುಗಣೆ ಮುಚ್ಚಿ, ಬಾಗಿಲು ಕಿಟಕಿ ತೆರೆಯಿರಿ, ಮಕ್ಕಳು ಮುದುಕರನ್ನು ಹೊರಗೆ ಕಳಿಸಿ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಹೊಸಿಲ ಕಡೆಯ ಬಾಗಿಲು ತೆರೆಯುವುದು ಮುಖ್ಯ. ಕೊಳವೆಯಲ್ಲಿ ಬರುವ ಅನಿಲವೂ ಗೋಬರ್ ಅನಿಲದಲ್ಲಿರುವ ಮೀಥೇನೂ ಗಾಳಿಗಿಂತ ಹಗುರ, ಮೇಲಕ್ಕೆ ಏರುತ್ತದೆ. ಹೊರಗೆ ದೂರ ಹೋದ ಮೇಲೆ ಫೋನು ಮಾಡಿ. ಸಿಲಿಂಡರ್ ಸೋರಿಕೆಗೆ 1906 ಸಂಖ್ಯೆ ದೇಶದಾದ್ಯಂತ ಹಗಲಿರುಳೂ ಇದೆ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲ ಎಂದು ಹಿರಿಯರು ಹೇಳುತ್ತಾರೆ. ಈ ವಾರ ಬಿಡುವಾದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ನಮ್ಮ ಅರ್ಥ್ ಗುಂಡಿ ಎಲ್ಲಿದೆ, ಅದರಲ್ಲಿ ತೇವ ಇದೆಯೇ? ಬೋರ್ಡಿನಲ್ಲಿ ಆರ್.ಸಿ.ಸಿ.ಬಿ. ಇದೆಯೇ, ಒತ್ತಿದರೆ ಬೀಳುತ್ತದೆಯೇ? ಅನಿಲದ ಪೈಪಿಗೆ ಯಾವುದಾದರೂ ತಂತಿ ಕಟ್ಟಿದೆಯೇ, ಕಟ್ಟಿದ್ದರೆ ಅದು ಎಲ್ಲಿಂದ ಬಂದಿದೆ? ಮೂರನೆಯ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ನೀವೇ ಕೀಳಲು ಹೋಗದೆ ವೈರ್‌ಮನ್‌ನನ್ನು ಕರೆಸಿ. ಗಡಿಯ ಈ ಕಡೆಯಾಗಲಿ ಆ ಕಡೆಯಾಗಲಿ, ಕರೆಂಟಿಗೂ ಅನಿಲಕ್ಕೂ ಭಾಷೆಯ ಭೇದವಿಲ್ಲ. ಎಚ್ಚರ ಇರುವ ಮನೆಗಳಿಗೆ ಮಾತ್ರ ಅವು ಒಳ್ಳೆಯ ನೆರೆಯವರು.